ಲೀ ನಾ: ಕಲಿಸಿದ ವ್ಯವಸ್ಥೆ, ಗೆಲ್ಲಿಸಿದ ನಿರ್ಧಾರ

ಲೀ ನಾ (ಜನನ 26 ಫೆಬ್ರುವರಿ 1982, ವುಹಾನ್) ಚೀನಾದ ಮಾಜಿ ವೃತ್ತಿಪರ ಟೆನಿಸ್ ಆಟಗಾರ್ತಿ. 2011ರಲ್ಲಿ ಫ್ರೆಂಚ್ ಓಪನ್, 2014ರಲ್ಲಿ ಆಸ್ಟ್ರೇಲಿಯನ್ ಓಪನ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಏಷ್ಯಾದ ದೇಶವೊಂದರ ಪರವಾಗಿ ಆಡಿ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರಲ್ಲಿ ಪುರುಷರು, ಮಹಿಳೆಯರನ್ನೆಲ್ಲ ಸೇರಿಸಿ ಇವರೇ ಮೊದಲಿಗರು. 9 ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಗಳು, ವಿಶ್ವ ರ್‍ಯಾಂಕಿಂಗ್‌ನಲ್ಲಿ 2ನೇ ಸ್ಥಾನ, 1.6 ಕೋಟಿ ಡಾಲರ್‌ಗೂ ಮೀರಿದ ಬಹುಮಾನದ ಹಣ ಇವರ ಖಾತೆಯಲ್ಲಿವೆ. 2019ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಸೇರಿದರು. ಈ ವೃತ್ತಿಜೀವನದ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಸರ್ಕಾರಿ ಕ್ರೀಡಾ ಶಾಲೆಗಳು ಬಾಲ್ಯದಿಂದಲೇ ತಿದ್ದಿ ತೀಡಿ ಬೆಳೆಸಿದ ಚಾಂಪಿಯನ್ ಎಂಬುದು ಒಂದು. ಆ ವ್ಯವಸ್ಥೆಯ ಸಂಕೋಲೆ ಹರಿದುಕೊಂಡ ಮೇಲಷ್ಟೇ ಅರಳಿದ ಬಂಡಾಯಗಾರ್ತಿ ಎಂಬುದು ಇನ್ನೊಂದು. ಮೊದಲನೆಯದನ್ನು ಚೀನಾದ ಅಧಿಕಾರಿಗಳು ಮೆಚ್ಚುತ್ತಾರೆ, ಎರಡನೆಯದನ್ನು ಪಶ್ಚಿಮದ ಪತ್ರಿಕೆಗಳು. ಫಲಿತಾಂಶಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಎರಡೂ ಅರೆಬರೆ ಅನ್ನಿಸುತ್ತವೆ. ಆಟವನ್ನು ಕೊಟ್ಟದ್ದು ವ್ಯವಸ್ಥೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರ ಬಳಿ ಕಲಿಯಬೇಕು, ಯಾವ ಟೂರ್ನಿ ಆಡಬೇಕು, ಯಾವಾಗ ವಿಶ್ರಾಂತಿ ಪಡೆಯಬೇಕು ಎಂಬ ನಿರ್ಧಾರ ಆಟಗಾರ್ತಿಯ ಕೈಗೆ ಬರುವವರೆಗೂ ಆ ಆಟ ದೊಡ್ಡ ಪ್ರಶಸ್ತಿಯಾಗಿ ಮಾರ್ಪಡಲಿಲ್ಲ.

ಲೀ ಹುಟ್ಟಿದ್ದು ಹುಬೇ ಪ್ರಾಂತ್ಯದ ರಾಜಧಾನಿಯಲ್ಲಿ. ತಂದೆ ಬ್ಯಾಡ್ಮಿಂಟನ್ ಆಟಗಾರ. ಮಗಳ ಕೈಗೂ ಮೊದಲು ಸಿಕ್ಕಿದ್ದು ಬ್ಯಾಡ್ಮಿಂಟನ್ ರ್‍ಯಾಕೆಟ್ಟೇ. ಎಂಟನೇ ವಯಸ್ಸಿನ ಹೊತ್ತಿಗೆ ಸ್ಥಳೀಯ ತರಬೇತುದಾರರು ಆಕೆಯನ್ನು ಟೆನಿಸ್‌ಗೆ ಬದಲಿಸಿದರು. ಟೆನಿಸ್ ಎಂದರೆ ಏನೆಂಬುದೇ ಆ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರದ ಕಾಲ ಅದು. ಮುಂದಿನ ವರ್ಷಗಳು ಯೂ ಲಿಚಿಯಾವೋ ಎಂಬ ಕಟ್ಟುನಿಟ್ಟಿನ ತರಬೇತುದಾರ್ತಿಯ ಕೈಕೆಳಗೆ ಕಳೆದವು. ಒಂದೇ ಹೊಡೆತವನ್ನು ದಿನವಿಡೀ ಮಾಡಿಸುವುದು, ತಪ್ಪಿದರೆ ಬೈಗುಳ, ಸರಿಯಾದರೆ ಮೌನ ಎಂಬ ಪಾಠಕ್ರಮವನ್ನು ಲೀ ತಮ್ಮ ಆತ್ಮಕಥೆಯಲ್ಲಿ ಕಹಿಯಾಗಿಯೇ ನೆನೆದಿದ್ದಾರೆ. ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದ ಸ್ವಭಾವ ಅಲ್ಲಿಂದಲೇ ಬಂತು ಎಂಬುದು ಅವರ ದೂರು. ಲೀಗೆ ಹದಿನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. 1997ರಲ್ಲಿ ರಾಷ್ಟ್ರೀಯ ತಂಡ ಸೇರ್ಪಡೆ, 1999ರಲ್ಲಿ ವೃತ್ತಿಪರ ಆಟ. ಇಷ್ಟನ್ನು ಓದಿ ವ್ಯವಸ್ಥೆಯನ್ನು ಖಳನನ್ನಾಗಿ ಮಾಡುವುದು ಸುಲಭ. ಆದರೆ ಆಕೆಯ ಆಟದ ಬೆನ್ನೆಲುಬಾದ ಎರಡು ಕೈಗಳ ಬ್ಯಾಕ್‌ಹ್ಯಾಂಡ್ ಸಿದ್ಧವಾದದ್ದು ಇದೇ ಅಂಗಳದಲ್ಲಿ. ಚೆಂಡು ಪುಟಿದೇಳುತ್ತಿದ್ದಂತೆಯೇ ಮುಂದೆ ನುಗ್ಗಿ, ಹೆಚ್ಚು ತಿರುವು ಕೊಡದೆ, ನೆಟ್‌ನ ಅಂಚು ಸವರುವಂತೆ ನೇರವಾಗಿ ಬಾರಿಸುವ ಆ ಹೊಡೆತ ಮುಂದೆ ಸೆರೆನಾ ವಿಲಿಯಮ್ಸ್ ಅವರಂಥವರ ಸರ್ವ್‌ಗೂ ಉತ್ತರ ಕೊಟ್ಟಿತು. ಸಾಮಾನ್ಯ ಕುಟುಂಬವೊಂದು ಅಷ್ಟು ವರ್ಷಗಳ ತರಬೇತಿಯ ಖರ್ಚನ್ನು ಸ್ವಂತ ಜೇಬಿನಿಂದ ಭರಿಸುವುದು ಆಗಿನ ಚೀನಾದಲ್ಲಿ ಊಹೆಗೂ ನಿಲುಕದ ಮಾತು.

ವ್ಯವಸ್ಥೆಗೆ ತನ್ನದೇ ಲೆಕ್ಕಾಚಾರವಿತ್ತು. ಅದಕ್ಕೆ ಬೇಕಿದ್ದದ್ದು ಪದಕ. ಪದಕ ಸಿಗುವ ಹತ್ತಿರದ ದಾರಿ ಡಬಲ್ಸ್. ಸಿಂಗಲ್ಸ್‌ನ ಅಗ್ರ ಆಟಗಾರ್ತಿಯರು ಡಬಲ್ಸ್‌ಗೆ ಅಷ್ಟು ಗಮನ ಕೊಡುವುದಿಲ್ಲ. ವರ್ಷವಿಡೀ ಜೊತೆಯಲ್ಲೇ ಅಭ್ಯಾಸ ಮಾಡುವ ಜೋಡಿಗೆ ಅಲ್ಲಿ ಮೇಲುಗೈ ಸಿಗುತ್ತದೆ. ಲೆಕ್ಕ ತಪ್ಪಲೂ ಇಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಲೀ ಟಿಂಗ್ ಮತ್ತು ಸುನ್ ಟಿಯಾನ್‌ಟಿಯಾನ್ ಚಿನ್ನ ಗೆದ್ದರು. 2006ರಲ್ಲಿ ಝೆಂಗ್ ಜೀ ಮತ್ತು ಯಾನ್ ಝೀ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡರ ಡಬಲ್ಸ್ ಪ್ರಶಸ್ತಿಗಳನ್ನೂ ಬಾಚಿಕೊಂಡರು. ಪದಕ ಬೇಕೆಂದವರಿಗೆ ಪದಕ ಸಿಕ್ಕಿತು. ಸಿಂಗಲ್ಸ್‌ನಲ್ಲಿ ಹೆಸರು ಮಾಡಬೇಕೆಂದಿದ್ದ ಹುಡುಗಿಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ. ಅಥೆನ್ಸ್‌ಗೆ ಮೊದಲೇ, 2002ರ ಕೊನೆಯ ಹೊತ್ತಿಗೆ, ಇಪ್ಪತ್ತರ ಲೀ ರಾಷ್ಟ್ರೀಯ ತಂಡವನ್ನು ಬಿಟ್ಟು ವುಹಾನ್‌ನ ಹುವಾಝೋಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಲು ಕುಳಿತರು. ದೇಹದ ದಣಿವು, ತಂಡದ ಆಡಳಿತದೊಂದಿಗಿನ ತಿಕ್ಕಾಟ, ಸಹ ಆಟಗಾರ ಜಿಯಾಂಗ್ ಶಾನ್ ಜೊತೆಗಿನ ಸಂಬಂಧಕ್ಕೆ ಬಂದ ಆಕ್ಷೇಪ ಎಲ್ಲವೂ ಕಾರಣಗಳ ಪಟ್ಟಿಯಲ್ಲಿವೆ. ಒಂದೂವರೆ ವರ್ಷದ ಬಳಿಕ ಅವರನ್ನು ಮರಳಿ ಕರೆತಂದವರು ಟೆನಿಸ್ ಆಡಳಿತದ ಹೊಸ ಮುಖ್ಯಸ್ಥೆ ಸುನ್ ಜಿನ್‌ಫಾಂಗ್. ಈಕೆ ಚೀನಾದ ವಿಶ್ವವಿಜೇತ ವಾಲಿಬಾಲ್ ತಂಡದ ನಾಯಕಿಯಾಗಿದ್ದವರು. ಆಟಗಾರ್ತಿಯ ಕಷ್ಟ ಆಟಗಾರ್ತಿಗೆ ಗೊತ್ತಿತ್ತು ಎನ್ನೋಣ. 2004ರಲ್ಲೇ ಲೀ ಅರ್ಹತಾ ಸುತ್ತಿನಿಂದ ಬಂದು ಗುವಾಂಗ್‌ಝೌ ಟೂರ್ನಿಯನ್ನು ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಚೀನೀ ಮಹಿಳೆ ಎನಿಸಿಕೊಂಡರು.

2006ರ ವಿಂಬಲ್ಡನ್‌ನಲ್ಲಿ ಸ್ವೆಟ್ಲಾನಾ ಕುಜ್ನೆಟ್ಸೊವಾ, ನಿಕೋಲ್ ವೈದಿಸೊವಾ ಅವರನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದ್ದು ಚೀನಾದ ಮಟ್ಟಿಗೆ ಮೊದಲ ಸಾಧನೆ. ಅಲ್ಲಿ ಕಿಮ್ ಕ್ಲೈಸ್ಟರ್ಸ್ ತಡೆದರು. 2007ರ ದ್ವಿತೀಯಾರ್ಧವನ್ನು ಪಕ್ಕೆಲುಬಿನ ಗಾಯ ನುಂಗಿತು, 2008ರಲ್ಲಿ ಬಲ ಮಂಡಿಗೆ ಶಸ್ತ್ರಚಿಕಿತ್ಸೆ. ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು ಹೊರಗಟ್ಟಿ ಸೆಮಿಫೈನಲ್ ಸೇರಿದರು. ದಿನಾರಾ ಸಫಿನಾ ವಿರುದ್ಧದ ಆ ಪಂದ್ಯದಲ್ಲಿ, ಪಾಯಿಂಟ್ ಮುಗಿಯುವ ಮೊದಲೇ ಕೂಗಾಡುತ್ತಿದ್ದ ತವರಿನ ಪ್ರೇಕ್ಷಕರತ್ತ ತಿರುಗಿ ಬಾಯಿ ಮುಚ್ಚಿ ಎಂದು ಅಬ್ಬರಿಸಿದ್ದು ದೊಡ್ಡ ಸುದ್ದಿಯಾಯಿತು. ಸೆಮಿಫೈನಲ್‌ನಲ್ಲೂ ಕಂಚಿನ ಪಂದ್ಯದಲ್ಲೂ ಸೋತು ನಾಲ್ಕನೇ ಸ್ಥಾನಕ್ಕೆ ನಿಂತರು. ವಯಸ್ಸು 26. ವೃತ್ತಿಜೀವನ ಇಲ್ಲಿಗೇ ನಿಂತಿದ್ದರೆ ಇಂದು ಲೀ ಬಗ್ಗೆ ಬರೆಯಲು ಒಂದು ಪ್ಯಾರಾ ಸಾಕಾಗುತ್ತಿತ್ತು.

ಒಲಿಂಪಿಕ್ಸ್ ಮುಗಿದ ಮೇಲೆ ಬಂದದ್ದು ಚೀನೀಯರು ‘ದಾನ್‌ಫೇ’ ಎಂದು ಕರೆದ ಏರ್ಪಾಡು. ಲೀ, ಝೆಂಗ್ ಜೀ, ಯಾನ್ ಝೀ, ಪೆಂಗ್ ಶುವಾಯ್ ಈ ನಾಲ್ವರಿಗೆ ಸ್ವತಂತ್ರವಾಗಿ ಆಡಲು ಆಡಳಿತ ಒಪ್ಪಿತು. ಅಲ್ಲಿಯವರೆಗೆ ಗಳಿಕೆಯ ಸುಮಾರು 65 ಶೇಕಡ ಸರ್ಕಾರದ ಪಾಲಾಗುತ್ತಿತ್ತು. ಹೊಸ ಒಪ್ಪಂದದಲ್ಲಿ ಅದು 8ರಿಂದ 12 ಶೇಕಡಕ್ಕೆ ಇಳಿಯಿತು ಎಂದು ಆಗ ವರದಿಯಾಯಿತು. ಬದಲಿಗೆ ತರಬೇತುದಾರರ ಸಂಬಳ, ವಿಮಾನದ ಟಿಕೆಟ್, ಹೋಟೆಲ್, ಫಿಸಿಯೋ ಎಲ್ಲವೂ ಆಟಗಾರ್ತಿಯರ ತಲೆಗೇ ಬಂತು. ಒಲಿಂಪಿಕ್ಸ್‌ನಂಥ ಕೂಟಗಳಲ್ಲಿ ದೇಶಕ್ಕಾಗಿ ಆಡುವ ಹೊಣೆ ಹಾಗೆಯೇ ಉಳಿಯಿತು. ಹೀಗಾಗಿ ಇದನ್ನು ಪೂರ್ಣ ವಿಮೋಚನೆ ಎನ್ನಲಾಗದು. ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ಆಡಳಿತ ಎಂಬುದನ್ನು ಬಂಡಾಯದ ಕಥೆ ಹೇಳುವವರು ಮರೆಯುತ್ತಾರೆ. ಪತ್ರಿಕೆಗಳೆಲ್ಲ ಶೇಕಡಾವಾರು ಲೆಕ್ಕವನ್ನೇ ಹಿಡಿದು ಬರೆದವು. ಹಣದ ಪಾಲು ಮುಖ್ಯವೇ. ಆದರೆ ಮುಂದಿನ ಐದು ವರ್ಷಗಳಲ್ಲಿ ಫಲಿತಾಂಶ ತಿರುಗಿದ ಒಂದೊಂದು ಘಟ್ಟವನ್ನೂ ಹತ್ತಿರದಿಂದ ನೋಡಿದರೆ, ಅಲ್ಲಿ ಹಣಕ್ಕಿಂತ ಮುಂದೆ ನಿಲ್ಲುವುದು ತರಬೇತುದಾರರ ಆಯ್ಕೆ.

2011ರ ಮೊದಲ ಆರು ತಿಂಗಳೇ ಇದಕ್ಕೆ ಸಾಕ್ಷಿ. ಆ ಜನವರಿಯ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಆಗಿನ ಅಗ್ರಶ್ರೇಯಾಂಕಿತೆ ಕ್ಯಾರೊಲಿನ್ ವೋಜ್ನಿಯಾಕಿ ವಿರುದ್ಧ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದ ಲೀ, ಫೈನಲ್‌ನಲ್ಲಿ ಕ್ಲೈಸ್ಟರ್ಸ್ ಎದುರು ಮೊದಲ ಸೆಟ್ ಗೆದ್ದೂ ಸೋತರು. ರಾತ್ರಿಯಿಡೀ ಗಂಡನ ಗೊರಕೆಯಿಂದ ನಿದ್ದೆ ಬರಲಿಲ್ಲ ಎಂದು ಸೆಮಿಫೈನಲ್ ಬಳಿಕ ಮೈಕ್ ಮುಂದೆ ಹೇಳಿ ಇಡೀ ಕ್ರೀಡಾಂಗಣವನ್ನು ನಗಿಸಿದ್ದೂ ಆಗಲೇ. ಅದರ ಬೆನ್ನಲ್ಲೇ ಆಟ ಕುಸಿಯಿತು. ಟೂರ್ನಿಯ ಮೇಲೆ ಟೂರ್ನಿಯಲ್ಲಿ ಮೊದಲ ಪಂದ್ಯವೇ ಕೊನೆಯ ಪಂದ್ಯವಾಯಿತು. ಆಗ ತರಬೇತುದಾರರಾಗಿದ್ದವರು ಗಂಡ ಜಿಯಾಂಗ್ ಶಾನ್ ಅವರೇ. ಲೀ ಗಂಡನನ್ನು ಆ ಹೊಣೆಯಿಂದ ಬಿಡಿಸಿ ಡೆನ್ಮಾರ್ಕ್‌ನ ಮೈಕೆಲ್ ಮಾರ್ಟೆನ್‌ಸನ್ ಅವರನ್ನು ಕರೆಸಿಕೊಂಡರು. ಕೆಲವೇ ವಾರಗಳಲ್ಲಿ ಮ್ಯಾಡ್ರಿಡ್ ಮತ್ತು ರೋಮ್‌ನಲ್ಲಿ ಸೆಮಿಫೈನಲ್, ನಂತರ ಪ್ಯಾರಿಸ್. ಅಲ್ಲಿಯವರೆಗೆ ಮಣ್ಣಿನ ಅಂಕಣದಲ್ಲಿ ಒಂದೂ ಡಬ್ಲ್ಯುಟಿಎ ಪ್ರಶಸ್ತಿ ಗೆಲ್ಲದವರು ಪೆಟ್ರಾ ಕ್ವಿಟೊವಾ, ವಿಕ್ಟೋರಿಯಾ ಅಜರೆಂಕಾ, ಮರಿಯಾ ಶರಪೋವಾ ಅವರನ್ನು ಒಬ್ಬರ ಹಿಂದೊಬ್ಬರಂತೆ ಮಣಿಸಿ, ಜೂನ್ 4ರ ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಫ್ರಾನ್ಸೆಸ್ಕಾ ಸ್ಕಿಯಾವೊನೆ ಅವರನ್ನು 6-4, 7-6ರಿಂದ ಸೋಲಿಸಿದರು. ಕೊನೆಯ ಟೈಬ್ರೇಕರ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ. ಗಂಡನನ್ನೇ ಕೆಲಸದಿಂದ ತೆಗೆಯುವ ಅಧಿಕಾರವಾಗಲಿ, ಹೊರದೇಶದವನನ್ನು ಒಂದು ವಾರದಲ್ಲಿ ನೇಮಿಸಿಕೊಳ್ಳುವ ಸ್ವಾತಂತ್ರ್ಯವಾಗಲಿ ರಾಷ್ಟ್ರೀಯ ತಂಡದ ದಿನಗಳಲ್ಲಿ ಕಡತದ ಮೇಲೆ ಕಡತ ದಾಟಬೇಕಾಗಿದ್ದ ವಿಷಯ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. 2004ರ ಪ್ರಶಸ್ತಿ, 2006ರ ವಿಂಬಲ್ಡನ್, ಬೀಜಿಂಗ್‌ನ ಸೆಮಿಫೈನಲ್ ಇವೆಲ್ಲ ವ್ಯವಸ್ಥೆಯೊಳಗೇ ಬಂದವಲ್ಲವೇ? ಗಾಯಗಳು ಅಡ್ಡಬರದಿದ್ದರೆ ಉಳಿದದ್ದೂ ಅಲ್ಲೇ ಬರುತ್ತಿರಲಿಲ್ಲವೇ? ಮಾತಿನಲ್ಲಿ ತೂಕವಿದೆ. 9 ಪ್ರಶಸ್ತಿಗಳಲ್ಲಿ ಎರಡು, ಅಂದರೆ ಗುವಾಂಗ್‌ಝೌ ಮತ್ತು 2008ರ ಆರಂಭದ ಗೋಲ್ಡ್‌ಕೋಸ್ಟ್, ದಾನ್‌ಫೇಗೆ ಮೊದಲಿನವು. ಉಳಿದ ಏಳೂ 2010ರಿಂದೀಚಿನವು, ನಾಲ್ಕು ಗ್ರ್ಯಾನ್‌ಸ್ಲಾಮ್ ಫೈನಲ್‌ಗಳೂ ಅಷ್ಟೇ. ಮಂಡಿ ಮಾತ್ರ 2008ರ ನಂತರ ಗಟ್ಟಿಯಾಗಲಿಲ್ಲ. ಬಲ ಮಂಡಿಗೆ ಒಟ್ಟು ಮೂರು ಬಾರಿ, 2014ರಲ್ಲಿ ಎಡ ಮಂಡಿಗೂ ಒಮ್ಮೆ ಶಸ್ತ್ರಚಿಕಿತ್ಸೆಯಾಯಿತು. ಅಂದರೆ ದೇಹ ಸವೆಯುತ್ತಿದ್ದ ವರ್ಷಗಳಲ್ಲೇ ಆಟ ಮೇಲೇರಿತು. ಮಹಿಳಾ ಟೆನಿಸ್‌ನಲ್ಲಿ ಹೆಚ್ಚಿನವರು ಇಳಿಮುಖವಾಗುವ 28ರಿಂದ 32ರ ವಯಸ್ಸು ಇವರಿಗೆ ಸುಗ್ಗಿ. ಗಾಯದ ವಾದ ಇದನ್ನು ವಿವರಿಸುವುದಿಲ್ಲ. ಯಾವ ವಾರ ಆಡಬೇಕು, ಯಾವ ವಾರ ಮಂಡಿಗೆ ಬಿಡುವು ಕೊಡಬೇಕು ಎಂದು ತಾನೇ ತೀರ್ಮಾನಿಸುವ ಆಟಗಾರ್ತಿಯ ಕ್ಯಾಲೆಂಡರ್ ಬಹುಪಾಲು ವಿವರಿಸುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯದು. ಸ್ವಾತಂತ್ರ್ಯ ಸಿಕ್ಕಿದ್ದು ನಾಲ್ವರಿಗೆ. ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದದ್ದು ಒಬ್ಬರೇ. ಝೆಂಗ್ ಜೀ 2010ರಲ್ಲಿ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್ ತಲುಪಿದರು, ಆದರೆ 2008ರ ವಿಂಬಲ್ಡನ್‌ನಲ್ಲಿ, ದಾನ್‌ಫೇಗೆ ಮೊದಲೇ, ವೈಲ್ಡ್‌ಕಾರ್ಡ್ ಪಡೆದು ಅಷ್ಟೇ ದೂರ ಹೋಗಿದ್ದರು. ಪೆಂಗ್ ಶುವಾಯ್ ಅವರ ಸಿಂಗಲ್ಸ್ ಶಿಖರವೂ 2014ರ ಅಮೆರಿಕ ಓಪನ್ ಸೆಮಿಫೈನಲ್. ಹಾಗಾದರೆ ಎಲ್ಲವೂ ಲೀ ಅವರ ಪ್ರತಿಭೆಯ ಮಹಿಮೆಯೇ? ಪ್ರತಿಭೆ ಇತ್ತು, ನಿಜ. ಆದರೆ ಅದೇ ಪ್ರತಿಭೆ 2002ರಲ್ಲಿ ತರಗತಿಯಲ್ಲಿ ಕುಳಿತಿತ್ತು. ನಿರ್ಧರಿಸುವ ಹಕ್ಕು ನಾಲ್ವರಿಗೂ ಸಮವಾಗಿ ಬಂತು; ಆ ಹಕ್ಕನ್ನು ನಿರ್ದಾಕ್ಷಿಣ್ಯವಾಗಿ ಬಳಸಿದವರು ಲೀ. ಭಾರತದ ಕಡೆಗೆ ನೋಡಿದರೆ ಎದುರುದಿಕ್ಕಿನ ಪಾಠ ಸಿಗುತ್ತದೆ. ನಮ್ಮ ಆಟಗಾರ್ತಿಯರಿಗೆ ಸರ್ಕಾರದ ಹಿಡಿತ ಎಂದೂ ಇರಲಿಲ್ಲ. ಹೆಚ್ಚಿನದೆಲ್ಲ ಮನೆಯವರ ದುಡ್ಡು, ಮನೆಯವರ ತೀರ್ಮಾನ. ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೇರಿ, ಮಣಿಕಟ್ಟಿನ ಗಾಯದ ನಂತರ ಡಬಲ್ಸ್‌ಗೆ ಹೊರಳಿ ಆರು ಗ್ರ್ಯಾನ್‌ಸ್ಲಾಮ್ ಗೆದ್ದರು. ಅವರ ಹಿಂದೆ ಸಿಂಗಲ್ಸ್‌ನಲ್ಲಿ ಆ ಎತ್ತರಕ್ಕೆ ಇನ್ನೊಬ್ಬರು ಬರಲಿಲ್ಲ. ಬುನಾದಿಯಿಲ್ಲದ ಕಡೆ ಬರೀ ಸ್ವಾತಂತ್ರ್ಯ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಬಂಡಾಯದ ಕಥೆ ಸೋಲುವುದು ಇಲ್ಲಿ.

2011ರ ಪ್ಯಾರಿಸ್ ಗೆಲುವಿನ ನಂತರ ಮತ್ತೆ ಕುಸಿತ. ಪ್ರಾಯೋಜಕರು ಸಾಲುಗಟ್ಟಿದರು, ಏಜೆಂಟ್ ಮ್ಯಾಕ್ಸ್ ಐಸೆನ್‌ಬಡ್ ಕುದುರಿಸಿದ ಒಪ್ಪಂದಗಳಿಂದ ಲೀ ಲೋಕದಲ್ಲೇ ಹೆಚ್ಚು ಗಳಿಸುವ ಮಹಿಳಾ ಕ್ರೀಡಾಪಟುಗಳ ಸಾಲಿಗೆ ಸೇರಿದರು. ಆದರೆ ಅದೇ ವರ್ಷ ವಿಂಬಲ್ಡನ್‌ನ ಎರಡನೇ ಸುತ್ತಿನಲ್ಲಿ, ಅಮೆರಿಕ ಓಪನ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಮಾರ್ಟೆನ್‌ಸನ್ ಹೋದರು, ಗಂಡ ಮರಳಿದರು. 2012ರ ಆಗಸ್ಟ್‌ನಲ್ಲಿ ಇನ್ನೊಂದು ನಿರ್ಧಾರ: ಜಸ್ಟಿನ್ ಹೆನಿನ್ ಅವರನ್ನು ಅಗ್ರಸ್ಥಾನಕ್ಕೆ ತಂದಿದ್ದ, ಬೀಜಿಂಗ್‌ನಲ್ಲಿ ಅಕಾಡೆಮಿ ನಡೆಸುತ್ತಿದ್ದ ಕಾರ್ಲೋಸ್ ರೊಡ್ರಿಗಸ್ ಅವರ ನೇಮಕ. ಅದೇ ತಿಂಗಳು ಸಿನ್ಸಿನಾಟಿಯಲ್ಲಿ ಪ್ರಶಸ್ತಿ ಬಂತು. ಆದರೆ ನಿಜವಾದ ಕೆಲಸ ನಡೆದದ್ದು ಮುಂದಿನ ಚಳಿಗಾಲದ ಅಭ್ಯಾಸದಲ್ಲಿ. ಎದುರಾಳಿಗಳೆಲ್ಲ ಒತ್ತಡದ ಹೊತ್ತಿನಲ್ಲಿ ಚೆಂಡನ್ನು ಲೀ ಅವರ ಫೋರ್‌ಹ್ಯಾಂಡ್ ಕಡೆಗೇ ತಳ್ಳುತ್ತಿದ್ದರು, ಅಲ್ಲಿ ತಪ್ಪು ಹೆಚ್ಚು ಎಂದು ಗೊತ್ತಿದ್ದರಿಂದ. ರೊಡ್ರಿಗಸ್ ಆ ಹೊಡೆತಕ್ಕೆ ಟಾಪ್‌ಸ್ಪಿನ್ ಬೆರೆಸಿದರು, ಬೇಸ್‌ಲೈನ್ ಬಿಟ್ಟು ನೆಟ್ ಬಳಿ ಹೋಗುವ ಧೈರ್ಯ ಕೊಟ್ಟರು. ಮೂವತ್ತು ದಾಟಿದ ಆಟಗಾರ್ತಿ ಹುಡುಗಿಯಾಗಿದ್ದಾಗ ಕಲಿತ ಹೊಡೆತವನ್ನು ಬಿಚ್ಚಿ ಮತ್ತೆ ಕಟ್ಟುವುದು ಸಣ್ಣ ಮಾತಲ್ಲ. ಬಾಲ್ಯದ ತರಬೇತಿಯಲ್ಲಿ ಕೂತುಹೋಗಿದ್ದ ಅಂಜಿಕೆಯ ಬಗ್ಗೆಯೂ ಗುರು ಶಿಷ್ಯೆಯ ನಡುವೆ ಮಾತಾಯಿತು. ಹಳೆಯ ತರಬೇತುದಾರ್ತಿ ಯೂ ಅವರನ್ನು ಮನಸ್ಸಿನಲ್ಲೇ ಎದುರಿಸಬೇಕಾಗಿ ಬಂದದ್ದನ್ನು ಲೀ ಸ್ವತಃ ಹೇಳಿಕೊಂಡಿದ್ದಾರೆ.

ಫಲ ತಕ್ಷಣ ಸಿಹಿಯಾಗಿರಲಿಲ್ಲ. 2013ರ ಜನವರಿ 26ರಂದು, ಆಸ್ಟ್ರೇಲಿಯಾ ದಿನದ ರಾತ್ರಿ, ಅಜರೆಂಕಾ ವಿರುದ್ಧದ ಫೈನಲ್‌ನಲ್ಲಿ ಮೊದಲ ಸೆಟ್ ಲೀ ಪಾಲಾಯಿತು. ಎರಡನೇ ಸೆಟ್‌ನಲ್ಲಿ ಎಡಗಾಲು ಹೊರಳಿ ಬಿದ್ದರು, ಪಟ್ಟಿ ಕಟ್ಟಿಸಿಕೊಂಡು ಆಡಿದರು. ಮೂರನೇ ಸೆಟ್‌ನ ನಡುವೆ ಹಬ್ಬದ ಸಿಡಿಮದ್ದಿಗಾಗಿ ಆಟ ನಿಂತಿತು. ಮತ್ತೆ ಶುರುವಾದ ಕೂಡಲೇ ಅದೇ ಕಾಲು ಮಡಚಿ ಹಿಂದಕ್ಕೆ ಬಿದ್ದು ತಲೆ ನೆಲಕ್ಕೆ ಬಡಿಯಿತು. ವೈದ್ಯೆ ಓಡಿಬಂದು ತನ್ನ ಬೆರಳನ್ನೇ ನೋಡುತ್ತಿರು ಎಂದು ಕಣ್ಣ ಮುಂದೆ ಆಡಿಸಿದರೆ ಲೀ ನಗುತ್ತಿದ್ದರು. ಪಂದ್ಯ 4-6, 6-4, 6-3ರಿಂದ ಕೈತಪ್ಪಿತು. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ ಮೂರನೇ ಸುತ್ತಿನಲ್ಲೇ ಲೂಸಿ ಸಫರೊವಾ ಎದುರು ಮೊದಲ ಸೆಟ್ 1-6ರಿಂದ ಸೋತು, ಎರಡನೆಯದರಲ್ಲಿ ಮ್ಯಾಚ್ ಪಾಯಿಂಟ್ ಎದುರಿಸಿದರು. ಸಫರೊವಾ ಅವರ ಹೊಡೆತ ಗೆರೆಯಿಂದ ಕೂದಲೆಳೆಯಷ್ಟು ಆಚೆ ಬಿತ್ತು. ಅಲ್ಲಿ ಉಳಿದವರು ಫೈನಲ್‌ನಲ್ಲಿ ಡೊಮಿನಿಕಾ ಸಿಬುಲ್ಕೊವಾ ಅವರನ್ನು 7-6, 6-0ರಿಂದ ಮುಗಿಸಿದರು. ಪ್ರಶಸ್ತಿ ಹಿಡಿದು ಮಾಡಿದ ಭಾಷಣದಲ್ಲಿ ತನ್ನನ್ನು ಶ್ರೀಮಂತಳಾಗಿಸಿದ್ದಕ್ಕೆ ಏಜೆಂಟರಿಗೆ ಕೃತಜ್ಞತೆ, ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಅದೃಷ್ಟ ಎಂದು ಗಂಡನಿಗೆ ಚಟಾಕಿ. ದೇಶದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಚೀನಾದಲ್ಲಿ ಇದು ಗಮನಕ್ಕೆ ಬಾರದೇ ಹೋಗಲಿಲ್ಲ. ಹಿಂದಿನ ವರ್ಷ ಫ್ರೆಂಚ್ ಓಪನ್‌ನಲ್ಲಿ ಸೋತಾಗ ಅಭಿಮಾನಿಗಳಿಗೆ ಏನು ಹೇಳುತ್ತೀರಿ ಎಂದ ಪತ್ರಕರ್ತನಿಗೆ, ಮೂರು ಬಾರಿ ನೆಲಕ್ಕೆ ಹಣೆ ಹಚ್ಚಿ ಕ್ಷಮೆ ಕೇಳಲೇ ಎಂದು ಮರುಪ್ರಶ್ನೆ ಹಾಕಿ ಅಧಿಕೃತ ಪತ್ರಿಕೆಗಳ ಕೋಪಕ್ಕೆ ಗುರಿಯಾಗಿದ್ದರು. ಮೆಲ್ಬರ್ನ್ ಗೆದ್ದು ವುಹಾನ್‌ಗೆ ಬಂದಿಳಿದಾಗ ಪ್ರಾಂತ್ಯದ ಅಧಿಕಾರಿಗಳು 8 ಲಕ್ಷ ಯುವಾನ್ ಬಹುಮಾನದ ಫಲಕವನ್ನು ಕೈಗಿತ್ತರು. ಫೋಟೋದಲ್ಲಿ ಲೀ ಮುಖದಲ್ಲಿ ನಗುವಿನ ಸುಳಿವಿಲ್ಲ. ತೆರಿಗೆದಾರರ ದುಡ್ಡನ್ನು ಕೋಟ್ಯಧೀಶೆಗೆ ಕೊಟ್ಟಿದ್ದೇಕೆ ಎಂದು ಜನ ಕೇಳಿದರು, ಬೈದದ್ದು ಹೆಚ್ಚಾಗಿ ಅಧಿಕಾರಿಗಳನ್ನೇ. ಗೆಲುವು ಯಾರದ್ದೆಂಬ ತಕರಾರು ಆ ಒಂದು ಫೋಟೋದಲ್ಲಿ ಅಡಕವಾಗಿದೆ. ಇದನ್ನೇ ಆಧಾರವಾಗಿಟ್ಟು ಲೀ ಅವರನ್ನು ಆಡಳಿತ ವಿರೋಧಿ ಎನ್ನುವವರಿದ್ದಾರೆ. ಅವರ ಬರಹ, ಸಂದರ್ಶನಗಳು ಅಷ್ಟು ದೂರ ಹೋಗುವುದಿಲ್ಲ. ತಾನು ದೇಶಕ್ಕಾಗಿ ಆಡುವ ಸಂಕೇತವಲ್ಲ, ತನ್ನ ಕೆಲಸ ಮಾಡುವ ಆಟಗಾರ್ತಿ ಎಂಬುದಷ್ಟೇ ಅವರ ನಿಲುವು. ಅಷ್ಟು ಹೇಳುವುದೇ ಅಲ್ಲಿ ದೊಡ್ಡ ವಿಷಯವಾಗಿತ್ತು ಎಂಬುದು ಬೇರೆ ಮಾತು.

2014ರ ಫೆಬ್ರುವರಿಯಲ್ಲಿ ವಿಶ್ವದ 2ನೇ ಸ್ಥಾನಕ್ಕೇರಿದ ಲೀ, ಮಂಡಿ ಕೈಕೊಟ್ಟಿದ್ದರಿಂದ ಅದೇ ವರ್ಷದ ಸೆಪ್ಟೆಂಬರ್ 19ರಂದು ನಿವೃತ್ತಿ ಘೋಷಿಸಿದರು. ಕೆಲವೇ ದಿನಗಳಲ್ಲಿ ಅವರ ಹುಟ್ಟೂರಿನಲ್ಲಿ ವುಹಾನ್ ಓಪನ್‌ನ ಮೊದಲ ಆವೃತ್ತಿ ಶುರುವಾಯಿತು. ಊರಿನ ಮಗಳು ಅಂಕಣದಲ್ಲಿ ಇರಲಿಲ್ಲ. ಪ್ಯಾರಿಸ್ ಫೈನಲ್ ಅನ್ನು ಚೀನಾದಲ್ಲಿ ಸುಮಾರು 11.6 ಕೋಟಿ ಜನ ನೋಡಿದ್ದರೆಂಬ ಅಂಕಿ ಡಬ್ಲ್ಯುಟಿಎ ಸಂಸ್ಥೆಯನ್ನು ಪೂರ್ವಕ್ಕೆ ಸೆಳೆದಿತ್ತು. 2019ರ ಹೊತ್ತಿಗೆ ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್ ಕೂಡ ಶೆನ್‌ಝೆನ್‌ಗೆ ಬಂತು.

ಲೀ ಒಂದು ಅಪವಾದ, ಅವರಿಂದ ಏನನ್ನೂ ಸಾಮಾನ್ಯೀಕರಿಸಲಾಗದು ಎಂಬ ಕೊನೆಯ ಆಕ್ಷೇಪಕ್ಕೆ ಹತ್ತು ವರ್ಷ ಉತ್ತರವಿರಲಿಲ್ಲ. ಅವರ ನಿವೃತ್ತಿಯ ನಂತರ ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಫೈನಲ್‌ಗೆ ಚೀನೀ ಆಟಗಾರ್ತಿಯೊಬ್ಬರು ಬಂದದ್ದು 2024ರ ಮೆಲ್ಬರ್ನ್‌ನಲ್ಲಿ: ಹುಬೇ ಪ್ರಾಂತ್ಯದವರೇ ಆದ ಝೆಂಗ್ ಚಿನ್‌ವೆನ್. ಅರಿನಾ ಸಬಲೆಂಕಾ ಎದುರು ಅವರು ಸೋತರು. ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್‌ನಲ್ಲಿ ಇಗಾ ಸ್ವಿಯಾಟೆಕ್ ಅವರನ್ನು ಮಣಿಸಿ ಸಿಂಗಲ್ಸ್ ಚಿನ್ನ ಗೆದ್ದರು. ಎಳೆಯ ವಯಸ್ಸಿನಲ್ಲಿ ಝೆಂಗ್ ವುಹಾನ್‌ನಲ್ಲಿ ಕಲಿತದ್ದು ಯೂ ಲಿಚಿಯಾವೋ ಬಳಿ. ನಂತರ ಬೀಜಿಂಗ್‌ನಲ್ಲಿ ಕಾರ್ಲೋಸ್ ರೊಡ್ರಿಗಸ್ ಬಳಿ. ಅಲ್ಲಿಂದ ಬಾರ್ಸಿಲೋನಾಗೆ, ಪೆರೆ ರಿಬಾ ಅವರ ಕೈಕೆಳಗೆ. ಲೀ ತಂಡ ಬಿಟ್ಟು, ಮರಳಿ ಬಂದು, ಒಪ್ಪಂದ ಮಾಡಿಕೊಂಡು ದಾಟಲು ಹದಿನೈದು ವರ್ಷ ತೆಗೆದುಕೊಂಡ ದೂರವನ್ನು ಈ ಹುಡುಗಿ ಹದಿಹರೆಯ ಮುಗಿಯುವುದರೊಳಗೆ ಕ್ರಮಿಸಿದ್ದರು. ಚಿನ್ನ ಗೆದ್ದಾಗ ಝೆಂಗ್ ವಯಸ್ಸು 21. ಅದೇ ವಯಸ್ಸಿನಲ್ಲಿ ಲೀ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ.